ಕಬ್ಬಿನ ಹಾಲು ಚೆಲ್ಲಿದವಳಿಗೆ

ಭಾಮಾ,

ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ. ನಿನ್ನೆಯ ನನ್ನ ಧೋತರ ಹುಡುಕಬೇಡ, ನಾನೇ ಒಗೆದು ಹಿತ್ತಲಲ್ಲಿ ಹಾಕಿದ್ದೇನೆ. ಅದನ್ನೂ ನಿನ್ನ ಕೈಯಿಂದ ಮಾಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಮೊಮ್ಮಕ್ಕಳು ಎಳೆದರೆಂದು ಈ ವಯಸ್ಸಿನಲ್ಲಿ ನಾನು ಜೈಂಟ್ ವೀಲ್ ಹತ್ತಬಾರದಿತ್ತು. ಮೇಲೆ ಹೋದಾಗ ಹೆದರಿಕೆಗೆ ಧೋತರ ಒದ್ದೆಯಾಯಿತು. ಇಳಿಯುವಾಗ ಅದನ್ನು ನೋಡಿದವಳು ನೀನೊಬ್ಬಳೇ. "ಅಯ್ಯ, ಕೈ ಜಾರಿತ್ರಿ ಮಾವಾರ!" ಎಂದು ಗ್ಲಾಸಿನಲ್ಲಿದ್ದ ಕಬ್ಬಿನ ಹಾಲನ್ನೆಲ್ಲ ನನ್ನ ಮೇಲೆ ಚೆಲ್ಲಿಬಿಟ್ಟೆ.

"ಕಣ್ಣ ಕಾಣಂಗಿಲ್ಲೇನ್ ನಿನಗ?" ಎಂದು ನನ್ನ ಮಗ ಶಾಮ ಕೂಗಾಡಿದ. ಕ್ರಿಸ್‌ಮಸ್ ರಜೆಗೆ ನಮ್ಮ ಸದರ್ ಓಣಿಯ ಅರ್ಧ ಜನ ಆ ಆಟದ ಪಾರ್ಕಿನಲ್ಲೇ ಇದ್ದರು. ಅಷ್ಟೂ ಜನರೆದುರು ನೀನು ತಲೆ ತಗ್ಗಿಸಿ ನಿಂತೆ. ನಾನು ಬಾಯಿ ಬಿಡಲಿಲ್ಲ. ಧೋತರ ಒದ್ದೆಯಾದದ್ದಕ್ಕಿಂತ ಅದಕ್ಕೇ ನನಗೆ ಹೆಚ್ಚು ನಾಚಿಕೆ, ತಾಯಿ.

ಮುಂಜಾನೆ ನೀವೆಲ್ಲ ಮಲಗಿದ್ದಾಗ ಶಾಮ ಡ್ಯೂಟಿಗೆ ಹೊರಟ. ಗೇಟಿನ ತನಕ ಹೋಗಿ ಅವನಿಗೆ ಎಲ್ಲ ಹೇಳಿದೆ. ಸಂಜೆ ಬಂದು ನಿನ್ನೆದುರು ತಡವರಿಸುತ್ತಾನೆ. ತಪ್ಪಾಯಿತೆಂದು ಪೂರ್ತಿ ಹೇಳುವವರೆಗೂ ಚಹಾ ಕೊಡಬೇಡ.

ನಾನು ಗುಡಿಯಲ್ಲಿರುತ್ತೇನೆ. ನಿನ್ನ ಮುಖ ನೋಡುವ ಧೈರ್ಯ ಬಂದೊಡನೆ ಮನೆಗೆ ಬರುತ್ತೇನೆ.

ನಿನ್ನ ಮಾವ