ಗೇಟಿನ ಹೊರಗೆ ಅರವತ್ತು ಕಡುಬು

ನವೆಂಬರ್ ೧೬, ಭಾನುವಾರ. ಕೋಪರಿ.

ಕಾಲು ಸಿಡಿಯುತ್ತಿದೆ, ಆದರೂ ಬರೆದೇ ಮಲಗುತ್ತೇನೆ. ಮಾವ ಹೋಟೆಲಿನಲ್ಲಿ ಬಡಿಸುವ ಕೆಲಸ ಬಿಟ್ಟ ಮೇಲೆ ಸರಿಯಾಗಿ ಮಾತಾಡಿ ನಾಲ್ಕು ತಿಂಗಳಾಗಿತ್ತು. ಇವತ್ತೂ ನಮ್ಮ ಬಲವಂತಕ್ಕೇ ಹೊರಟದ್ದು.

ಅಮ್ಯೂಸ್‌ಮೆಂಟ್ ಪಾರ್ಕಿನೊಳಗೆ ತಿಂಡಿ ದುಬಾರಿಯೆಂದು ಅತ್ತೆ, ನಾನು ಸೇರಿ ಹಲಸಿನೆಲೆಯಲ್ಲಿ ಬೇಯಿಸಿದ ಅರವತ್ತು ಕೊಟ್ಟೆ ಕಡುಬು ಒಯ್ದಿದ್ದೆವು. ಗಾರ್ಡ್ ಗೇಟಿನಲ್ಲೇ ತಡೆದ. "ಬಾಹರ್ ಕಾ ಖಾನಾ ಅಂದರ್ ನಹೀ." ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ಅತ್ತೆಯ ಮುಖ ಸಣ್ಣದಾಯಿತು.

ಮಾವ ಅಂಗಿಯ ತೋಳು ಮಡಚಿದರು. ನಮ್ಮ ಕುಟುಂಬದ ಹದಿನಾಲ್ಕು ಜನರನ್ನೂ ಹೊರಗಿನ ಮರದಡಿ ಸಾಲಾಗಿ ಕೂರಿಸಿ ಬಡಿಸತೊಡಗಿದರು. ತಡೆದ ಗಾರ್ಡಿಗೂ ಎರಡು ಕೊಟ್ಟರು.

"ಅಜ್ಜ, ಬಸ್, ಸಾಕು. ರೈಡ್‌ನಲ್ಲಿ ಉಲ್ಟಿ ಆಗ್ತದೆ," ಎಂದಳು ವಾಂತಿಗೆ ಹೆದರುವ ನನ್ನ ಮಗಳು ಮಾನಸಿ.

"ಒಂದು ಕಡುಬಿಗೆ ಎಂತ ಆಗುದಿಲ್ಲ, ತಿನ್ನು."

ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಮಾವ ಅತ್ತೆಯತ್ತ ಬಾಗಿ, "ಮುಂದಿನ ಸಲ ಚಟ್ನಿ ಸ್ವಲ್ಪ ಗಟ್ಟಿ ಇರ್ಲಿ" ಎಂದರು.

ಮುಂದಿನ ಸಲ. ಅವರೇ ಅಂದದ್ದು.