ಎಂಟು ಹೆಜ್ಜೆ ಅಗಲದ ಗೆರೆ

ಗೇಟಿನ ಬೀಗದ ಕೈ ಇಟ್ಟುಕೊಂಡಿರುವ ವಲಯ ಅರಣ್ಯಾಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಬೀದಿಯ ಹಿಂದಿರುವ ಸಂರಕ್ಷಿತ ಹುಲ್ಲುಗಾವಲಿನಲ್ಲಿ ಈ ವರ್ಷ ಬೆಂಕಿ ಗೆರೆ ತೆಗೆದಿಲ್ಲ. ನೀವು ತೆಗೆಸಲಿಲ್ಲ, ತೆಗೆಯುವವರನ್ನು ಒಳಗೆ ಬಿಡಲೂ ಇಲ್ಲ. ಹುಲ್ಲು ನನ್ನ ಎದೆಮಟ್ಟಕ್ಕೆ ಬೆಳೆದು ಒಣಗಿ ನಿಂತಿದೆ. ವಿಷಯ ಇಷ್ಟೇ. ಮುಂದೆ ಓದಲು ತಮಗೆ ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ ಬೀಗ ತೆಗೆಸಿ, ನನಗೇನೂ ಬೇಸರವಿಲ್ಲ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಲವತ್ತು ವರ್ಷ ವೆಲ್ಡಿಂಗ್ ಮಾಡಿದವನು. ಈ ಪತ್ರದ ಕಾಗುಣಿತವನ್ನು ನಮ್ಮ ಬೀದಿಯ ಮೇಷ್ಟ್ರು ತಿದ್ದಿದ್ದಾರೆ. ಸಿಟ್ಟನ್ನು ತಿದ್ದಲು ಹೊರಟಾಗ ಪೆನ್ನು ಕಿತ್ತುಕೊಂಡೆ.

ಬೆಂಕಿ ಗೆರೆ ಎಂದರೇನೆಂದು ತಮಗೆ ಗೊತ್ತಿರುತ್ತದೆ. ಆದರೂ ಹೇಳುತ್ತೇನೆ, ಏಕೆಂದರೆ ತಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಹುಲ್ಲುಗಾವಲಿಗೂ ಮನೆಗಳಿಗೂ ನಡುವೆ ಉದ್ದಕ್ಕೂ ಹುಲ್ಲು ಕೊಯ್ದು, ಬುಡ ಕೆರೆದು, ಬರೀ ಮಣ್ಣು ಕಾಣುವಂತೆ ಮಾಡಬೇಕು. ಅಗಲ ಎಂಟು ಹೆಜ್ಜೆ. ಯಾರ ಹೆಜ್ಜೆ ಎಂಬುದೂ ಮುಖ್ಯ. ನನ್ನ ಹೆಜ್ಜೆ. ಇಪ್ಪತ್ತೊಂದು ವರ್ಷದಿಂದ ಚಳಿ ಇಳಿಯುವ ಹೊತ್ತಿಗೆ ನಾಲ್ಕು ಭಾನುವಾರ ನಾವು ಹದಿನೈದು ಇಪ್ಪತ್ತು ಜನ ಸೇರಿ ಇದನ್ನು ಮಾಡಿಕೊಂಡು ಬಂದಿದ್ದೇವೆ. ಅದಕ್ಕೂ ಮೊದಲು ಅಲ್ಲಿದ್ದದ್ದು ಕಸದ ಗುಡ್ಡೆ. ಒಡೆದ ಕಮೋಡು, ಸತ್ತ ನಾಯಿ, ಟೈರು, ಎಲ್ಲವನ್ನೂ ನಮ್ಮ ಕೈಯಿಂದಲೇ ಹೊತ್ತು ಹೊರಗೆ ಹಾಕಿದೆವು. ಮೂರು ವರ್ಷದ ಮೇಲೆ ಹುಲ್ಲು ಬಂತು. ಹುಲ್ಲಿನ ಹಿಂದೆ ಹಕ್ಕಿ ಬಂತು. ಹಕ್ಕಿಯ ಹಿಂದೆ ಕ್ಯಾಮೆರಾದವರು ಬಂದರು. ಎಲ್ಲರಿಗಿಂತ ಕೊನೆಗೆ ತಾವು ಬಂದಿರಿ.

ತಪ್ಪು ನಮ್ಮದೂ ಇದೆ, ಮುಚ್ಚಿಡುವುದಿಲ್ಲ. ಹೋದ ವರ್ಷ ಲಾರಿ ತಂದು ಮಣ್ಣು ಅಗೆಯುವವರ ಕಾಟ ತಡೆಯಲಾರದೆ ಈ ಜಾಗವನ್ನು ಸಂರಕ್ಷಿಸಿ ಎಂದು ತಮಗೆ ಮನವಿ ಕೊಟ್ಟವರು ನಾವೇ. "ಇಲಾಖೆಯವರನ್ನು ಬಿಟ್ಟು ಒಬ್ಬರೂ ಒಳಗೆ ಕಾಲಿಡಕೂಡದು" ಎಂದು ಮೇಷ್ಟ್ರ ಪಕ್ಕ ಕೂತು ಬರೆಸಿದವನು ನಾನು. ಮೊದಲ ಸಹಿ ನನ್ನದು. ಆ ಒಬ್ಬರಲ್ಲಿ ನಾವೂ ಸೇರಿದ್ದೇವೆಂದು ಸಹಿ ಹಾಕಿದ ಅರವತ್ತೆಂಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇಷ್ಟು ವರ್ಷ ಅಲ್ಲೇ ಬಗ್ಗಿ ಕೆಲಸ ಮಾಡಿದ ನಮಗೆ ನಾವೇ ಹೊರಗಿನವರು ಅನ್ನಿಸುವುದಾದರೂ ಹೇಗೆ? ತಮ್ಮ ಕಚೇರಿ ಯಾವುದನ್ನೂ ಇಷ್ಟು ಬೇಗ, ಇಷ್ಟು ಅಚ್ಚುಕಟ್ಟಾಗಿ ಜಾರಿ ಮಾಡಿದ್ದನ್ನು ನಾನು ಕಂಡಿಲ್ಲ. ಮೂರೇ ತಿಂಗಳಿಗೆ ಸುತ್ತ ತಂತಿ ಬೇಲಿ, ಹಸಿರು ಬೋರ್ಡು, ಗೇಟಿಗೆ ಸರಪಳಿ. ಆ ಗೇಟು ಕಸದ ಲಾರಿ ತಡೆಯಲೆಂದು ಹಿಂದೆ ನಾನೇ ಮಾಡಿ ನಿಲ್ಲಿಸಿದ್ದು.

ಕೊಯ್ಯುವ ಕಾಲ ಬಂದಾಗ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಮೂರು ಸಲ ಬಂದೆ, ಮೂರು ಸಲವೂ ಸಭೆ. ಕಿಟಕಿಯ ಹಿಂದಿದ್ದ ಗುಮಾಸ್ತೆ ಪಾಪ ಒಳ್ಳೆಯ ಹುಡುಗಿ, ಕೂರಲು ಕುರ್ಚಿ ಕೊಟ್ಟಳು.

"ಯಜಮಾನ್ರೇ, ಸ್ವಯಂಸೇವಕರ ನೋಂದಣಿ ಮುಂದಿನ ವರ್ಷ ಶುರುವಾಗತ್ತೆ. ತರಬೇತಿ ಇರತ್ತೆ. ವಯಸ್ಸು ಅರವತ್ತರ ಒಳಗಿರಬೇಕು."

"ಹಾಗಂತ ಬೆಂಕಿಗೂ ಒಂದು ಕಾಗದ ಬರೆದುಬಿಡಮ್ಮ. ಮುಂದಿನ ವರ್ಷ ಬಾ ಅಂತ."

"ಅದು ನನ್ನ ಟೇಬಲ್ ಅಲ್ಲ, ಯಜಮಾನ್ರೇ."

ಯಾರ ಟೇಬಲ್ಲು, ಮಾನ್ಯರೇ?

ಈಗ ನನ್ನ ತಂಗಿಯ ವಿಷಯ. ಅವಳು ಟೈಲರ್. ಬೇಲಿಗೆ ಬೆನ್ನು ಹಾಕಿ ನಿಂತಿರುವ ಕೊನೆಯ ಕಟ್ಟಡ ಅವಳ ಹೊಲಿಗೆ ಕೋಣೆ. ಆರು ಮಿಷನ್ನು, ಆರು ಹೆಂಗಸರು, ನೆಲದಿಂದ ಸೂರಿನ ತನಕ ಬಟ್ಟೆಯ ಗಂಟು. ಮುಂದೆ ಬಾಗಿಲು, ಹಿಂದೆ ಒಂದು ಬಾಗಿಲು. ಒಂಬತ್ತು ವರ್ಷದ ಕೆಳಗೆ ನನ್ನ ಕಣ್ಣಿನ ಆಪರೇಷನ್ ಆಗಿತ್ತು. ಆ ಸಲ ಗೆರೆಯನ್ನು ಮೇಷ್ಟ್ರು ಅಳೆದರು. ಎಂಟೇ ಹೆಜ್ಜೆ ಇಟ್ಟರು, ಸುಳ್ಳಿಲ್ಲ. ಆದರೆ ಅವರು ಕುಳ್ಳಗಿನವರು, ಅವರ ಎಂಟು ನನ್ನ ಆರಕ್ಕೆ ಸಮ. ಆ ಬೇಸಿಗೆಯಲ್ಲಿ ಬೆಂಕಿ ಬಂತು. ಗೆರೆಯ ತನಕ ಬಂದು, ಒಂದು ಗಳಿಗೆ ನಿಂತು, ಹಾರಿತು. ತಂಗಿ ಒಳಗಿದ್ದವರನ್ನೆಲ್ಲ ಹೊರಗೆ ದಬ್ಬಿ, ಕೊನೆಯ ಮಿಷನ್ ಎಳೆಯಲು ಹೋದಳು. ಎಡಗೈಯ ಚರ್ಮ ಮೊಣಕೈ ತನಕ ಹೋಯಿತು. ಇವತ್ತಿಗೂ ಅವಳು ಸೂಜಿಗೆ ದಾರ ಪೋಣಿಸುವಾಗ ಮೇಷ್ಟ್ರು ಎದ್ದು ಹೊರಗೆ ಹೋಗುತ್ತಾರೆ.

ಎರಡು ಹೆಜ್ಜೆ ಕಡಿಮೆಯಾದದ್ದಕ್ಕೆ ಒಂದು ಕೈ. ಈ ವರ್ಷ ಎಂಟಕ್ಕೆ ಎಂಟೂ ಇಲ್ಲ. ತಾವು ಓದಿದವರು, ಮುಂದಿನದನ್ನು ತಾವೇ ಯೋಚಿಸಿ.

ಸುಮ್ಮನೆ ಹೆದರಿಸುತ್ತಿದ್ದಾನೆ ಮುದುಕ ಎನ್ನುತ್ತೀರೇನೋ. ಮೂರು ವಾರದಿಂದ ಹಾವುಗಳು ಬೀದಿಗೆ ಬರುತ್ತಿವೆ. ಮಧ್ಯಾಹ್ನ ಬೇಲಿಯ ಹತ್ತಿರ ನಿಂತರೆ ಹುಲ್ಲು ಚಿಟಪಟ ಎನ್ನುವುದು ಕೇಳುತ್ತದೆ, ಗಾಳಿ ಇಲ್ಲದಿದ್ದರೂ. ನೆಲದಲ್ಲಿ ಗೂಡು ಮಾಡುತ್ತಿದ್ದ ಹಕ್ಕಿಗಳು ಈ ಸಲ ಗೂಡು ಕಟ್ಟಲೇ ಇಲ್ಲ. ಅವಕ್ಕೆ ಏನು ಗೊತ್ತಾಗಿದೆಯೋ, ಕೇಳೋಣವೆಂದರೆ ಅವೂ ಹೋಗಿಬಿಟ್ಟಿವೆ.

ಎರಡು ವಾರದ ಹಿಂದೆ ಹಗಲು ಹನ್ನೊಂದಕ್ಕೆ ಬೇಲಿಯ ಒಳಗೆ ಹೊಗೆ ಎದ್ದಿತು. ಯಾರೋ ಎಸೆದ ಬೀಡಿ ತುಂಡು ಇರಬೇಕು. ತಮ್ಮ ಬೋರ್ಡಿನ ಮೇಲಿರುವ ನಂಬರಿಗೆ ತಂಗಿ ಫೋನ್ ಮಾಡಿದಳು. ಅದು ಹೊಡೆದುಕೊಂಡೇ ಇತ್ತು. ಮೇಷ್ಟ್ರು, ನಾನು, ಹೊಲಿಗೆಯ ಹೆಂಗಸರಲ್ಲಿ ಇಬ್ಬರು ಒದ್ದೆ ಗೋಣಿಚೀಲ ಹಿಡಿದು ಗೇಟು ಹತ್ತಿ ಇಳಿದೆವು. ಎಪ್ಪತ್ತೊಂದನೇ ವಯಸ್ಸಿನಲ್ಲಿ ನಾನೇ ಮಾಡಿದ ಗೇಟನ್ನು ನಾನೇ ಕಳ್ಳನ ಹಾಗೆ ಹತ್ತಿದೆ. ಬಡಿದು ಆರಿಸಿದೆವು. ಗಾಳಿ ಆಗ ಆಚೆ ದಿಕ್ಕಿಗಿತ್ತು, ಅದೊಂದೇ ನಮ್ಮ ಪುಣ್ಯ.

ಐದನೇ ದಿನಕ್ಕೆ ತಮ್ಮ ನೋಟಿಸು ಬಂತು. ನಾಲ್ವರಿಗೂ ಒಂದೊಂದು. ಸಂರಕ್ಷಿತ ಪ್ರದೇಶಕ್ಕೆ ಅಕ್ರಮ ಪ್ರವೇಶ, ಸಸ್ಯಗಳಿಗೆ ಹಾನಿ. ಸುಟ್ಟ ಹುಲ್ಲಿನ ಫೋಟೊ ಕೂಡ ಲಗತ್ತಿಸಿದ್ದೀರಿ. ಬೆಂಕಿ ಆರಿಸಲು ಬಾರದವರು ಫೋಟೊ ತೆಗೆಯಲು ಬಂದಿದ್ದಿರಲ್ಲ, ಕಾಲಿಗೆ ಬೂದಿ ಹತ್ತಲಿಲ್ಲವೇ?

ತಂಗಿ ನಕ್ಕಳು. "ಅಣ್ಣಾ, ಶಾಲೇಲೂ ನಿಂಗೆ ಇಷ್ಟು ಉದ್ದದ ಕಾಗದ ಯಾರೂ ಕೊಟ್ಟಿರ್ಲಿಲ್ಲ. ಫ್ರೇಮ್ ಹಾಕಿಸು."

"ನಗು, ನಗು. ಮಿಷನ್‌ನೆಲ್ಲ ಮುಂದಿನ ಬಾಗಿಲ ಹತ್ರ ಯಾಕೆ ಎಳೆಸಿದೀಯ ಹೇಳು."

ಅವಳು ತಲೆ ತಗ್ಗಿಸಿ ಮಿಷನ್ ತುಳಿದಳು.

ನಾನು ಕೇಳುವುದು ಒಂದೇ. ಈ ಭಾನುವಾರದೊಳಗೆ ತಾವೇ ಗೆರೆ ತೆಗೆಸಿ, ಇಲ್ಲವೇ ಗೇಟು ತೆಗೆದು ನಮ್ಮನ್ನು ಬಿಡಿ. ತಾವೇ ತೆಗೆಸುವುದಾದರೆ ಅಳೆಯಲು ಉದ್ದ ಕಾಲಿನವನನ್ನು ಕಳಿಸಿ. ಎರಡೂ ಆಗದಿದ್ದರೆ ಭಾನುವಾರ ಬೆಳಿಗ್ಗೆ ಆರಕ್ಕೆ ಆ ಗೇಟನ್ನು ನಾನೇ ಇಳಿಸುತ್ತೇನೆ. ಬೀಗ ತಮ್ಮದು, ಮುಟ್ಟುವುದಿಲ್ಲ. ಕೀಲು ನನ್ನದು. ಎಲ್ಲಿ ಎಷ್ಟು ಬೆಸುಗೆ ಹಾಕಿದ್ದೇನೆಂದು ನನ್ನ ಕೈಗೆ ನೆನಪಿದೆ. ಮುಂದೆ ವಿಚಾರಣೆಗೆ ತಮಗೆ ತೊಂದರೆಯಾಗಬಾರದೆಂದು ಎಲ್ಲರೂ ಓದುವ ಹಾಗೆ ಈ ಬಹಿರಂಗ ಪತ್ರದಲ್ಲಿ ಮೊದಲೇ ಬರೆದಿದ್ದೇನೆ.

ಇನ್ನೊಂದು ಮಾತು. ತಂಗಿ ದಿನಾ ಬೆಳಿಗ್ಗೆ ಕತ್ತರಿಸಿದ ಬಟ್ಟೆಯ ಚೂರು, ದಾರ ಎಲ್ಲ ಗುಡಿಸಿ ಹಿಂಬಾಗಿಲ ಹೊರಗೆ ಗುಡ್ಡೆ ಮಾಡುತ್ತಾಳೆ. ಚಳಿಗಾಲವಿಡೀ ಆ ಚೂರು ಬೇಲಿಯ ಕಡೆಗೆ ಹಾರಿ ತಂತಿಗೆ ಸಿಕ್ಕಿಕೊಳ್ಳುತ್ತದೆ. ಗಾಳಿ ತಿರುಗುವುದು ನಮಗೆ ಅದರಿಂದಲೇ ಗೊತ್ತಾಗುವುದು. ನಾನು ಈ ಪತ್ರವನ್ನು ಅವಳ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಈಗಷ್ಟೇ ಗುಡಿಸಿ ಹೊರಗೆ ಹಾಕಿದಳು. ಚೂರೆಲ್ಲ ಒಳಗೆ ಬಂತು.

ಇಂತಿ,
ತಮ್ಮ ನೋಟಿಸಿನ ಪ್ರಕಾರ ಒಂದನೇ ಆರೋಪಿ,
ತಮ್ಮ ಗೇಟು ಮಾಡಿಕೊಟ್ಟವನು