ವಾಲ್ವಿಗೆ ಹೂ ಕೇಳಿದ್ದು

ಅಮ್ಮ,

ಆರೂಮುಕ್ಕಾಲಿನ ಬಸ್ಸಿಗೆ ಆಸ್ಪತ್ರೆಗೆ ಹೋಗ್ತಿದೀನಿ. ಹಾರ್ಟಿಗೆ ಯಾವ ವಾಲ್ವ್ ಹಾಕಬೇಕು ಅಂತ ಡಾಕ್ಟರಿಗೆ ಇವತ್ತೇ ಹೇಳಬೇಕು. ನೀನು ಕೊಟ್ಟಿಗೇಲಿದ್ದೆ, ಕೂಗಲಿಲ್ಲ. ಕೂಗಿದ್ರೆ ಮತ್ತೆ ಶುರು ಮಾಡ್ತೀಯ.

ಒಲೆ ಮೇಲೆ ಅವರೆಕಾಳು ಸಾರಿದೆ, ಬಿಸಿ ಮಾಡ್ಕೋ. ಅಪ್ಪಂಗೆ ಬಿಪಿ ಮಾತ್ರೆ ಕೊಡೋದು ಮರೀಬೇಡ.

ಈಗ ನಿಜ ಹೇಳು. ಮಂಗಳವಾರ ಹುರುಳಿಕಾಯಿ ಕೀಳೋಕೆ ಹೋಗಿದ್ದೆ ಅಂದ್ಯಲ್ಲ, ನನ್ನ ಆಸ್ಪತ್ರೆ ಫೈಲೂ ಕಾಯಿ ಕೀಳೋಕೆ ಬಂದಿತ್ತಾ? ಅದರ ಮೇಲೆ ಕುಂಕುಮ, ಒಳಗೆ ಸೇವಂತಿಗೆ ಎಸಳು. ಅಮ್ಮನೋರ ಗುಡೀಲಿ ಹೂ ಕೇಳಿದೀಯ. ವಾಲ್ವ್ ಅಂದ್ರೇನು ಅಂತಿದ್ದೋಳು ನಿನ್ನೆ ಊಟಕ್ಕೆ ಕೂತಾಗ "ಲೋಹದ್ದು ಬೇಡ ಕಣೇ, ದನದ ಪೊರೇಲಿ ಮಾಡಿದ್ದೇ ಹಾಕಿಸ್ಕೋ" ಅಂದಾಗಲೇ ಅನುಮಾನ ಬಂತು.

ದನದ ಪೊರೇದಕ್ಕೇ ಹೂ ಬಲಗಡೆ ಬಿತ್ತು ಅಂತೀಯ, ಸರಿ. ಎಷ್ಟನೇ ಸಲ ಕೇಳಿದಾಗ? ಮೊದಲು ಎಡಗಡೆ ಕೊಟ್ಟಿರಲಿಲ್ವಾ? ಲೋಹದ್ದಾದ್ರೆ ಜನ್ಮಪೂರ್ತಿ ರಕ್ತ ತೆಳು ಮಾಡೋ ಮಾತ್ರೆ, ಬಸುರಾದ್ರೆ ಕಷ್ಟ, ಗಂಡಿನ ಕಡೆಯೋರು ಒಪ್ಪಲ್ಲ. ನಿನ್ನ ಹೆದರಿಕೆ ಇಷ್ಟೇ ತಾನೆ? ದನದ ಪೊರೇದು ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತೆ. ಆಗ ಮತ್ತೆ ಎದೆ ಕೊಯ್ಸ್ಕೊಳ್ಳೋಳು ನಾನು.

ಅಮ್ಮನೋರನ್ನ ಏನಂತ ಕೇಳಿದೆ? ಮಗಳು ಬದುಕಬೇಕು ಅಂತಾನಾ, ಮದುವೆ ಆಗಬೇಕು ಅಂತಾನಾ? ನನ್ನನ್ನಂತೂ ಒಂದು ಮಾತೂ ಕೇಳಲಿಲ್ಲ.

ಬದುಕಬೇಕು ಅಂತ ಕೇಳಿದ್ರೆ ಸಂಜೆ ಐದಕ್ಕೆ ಬಸ್ ಸ್ಟಾಪಿಗೆ ಬಾ.

ಮದುವೆ ಅಂತ ಕೇಳಿದ್ರೂ ಬಾ. ನಿಂಗೆ ಹೇಳಿರಲಿಲ್ಲ, ಮನೆ ಮುಂದಿನ ದಿಬ್ಬ ಹತ್ತೋಕೆ ನನ್ನೊಬ್ಬಳ ಕೈಲಿ ಆಗ್ತಿಲ್ಲ.

ಅಕ್ಷತ